ಸಾಕು ನಾಯಿಗಳಿಗೆ ಐಚ್ಛಿಕ ಹಾಗೂ ಅಲಂಕಾರಿಕ ಶಸ್ತ್ರಚಿಕಿತ್ಸೆ: ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಮಾಲೀಕರು ತಿಳಿದಿರಬೇಕಾದ ಅಂಶಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿರುವ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಬಡಾವಣೆಗಳಲ್ಲಿ ಕಾವಲಿಗಾಗಿಯೂ ಒಡನಾಟಕ್ಕಾಗಿಯೂ ನಾಯಿಗಳನ್ನು ಸಾಕುವ ಕುಟುಂಬಗಳು ಅನೇಕ. ಮರಿಯನ್ನು ಮನೆಗೆ ತಂದ ಬಳಿಕ ರೇಬೀಸ್ ಲಸಿಕೆ, ಜಂತುನಾಶಕ ಔಷಧಿ, ಪರವಾನಗಿ ಇವುಗಳ ಜೊತೆಗೆ ಮಾಲೀಕರ ಮುಂದೆ ಇನ್ನೂ ಕೆಲವು ಪ್ರಶ್ನೆಗಳು ಬರುತ್ತವೆ. ಡಾಬರ್‌ಮನ್ ಮರಿಯ ಕಿವಿಯನ್ನು ನೆಟ್ಟಗೆ ನಿಲ್ಲುವಂತೆ ಕತ್ತರಿಸಬೇಕೆ? ರಾಟ್‌ವೀಲರ್ ಮರಿಯ ಬಾಲವನ್ನು ಮೋಟುಗೊಳಿಸಬೇಕೆ? ನೆರೆಯವರು ಆಕ್ಷೇಪಿಸುತ್ತಿರುವುದರಿಂದ ಬೊಗಳುವ ಧ್ವನಿಯನ್ನೇ ತಗ್ಗಿಸುವ ಶಸ್ತ್ರಚಿಕಿತ್ಸೆ ಮಾಡಿಸಬಹುದೆ? ಸಂತಾನಹರಣ ಶಸ್ತ್ರಚಿಕಿತ್ಸೆಯೂ ಇದೇ ಗುಂಪಿಗೆ ಸೇರುತ್ತದೆಯೆ?

ಇಂತಹ ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಮಾಲೀಕರಿಂದ ಒಪ್ಪಿಗೆ ಪತ್ರ ಪಡೆಯುವುದು ರೂಢಿಯಲ್ಲಿದೆ. ಮನುಷ್ಯರ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ನೋವನ್ನು ಅನುಭವಿಸುವ ರೋಗಿಯೇ ಒಪ್ಪಿಗೆ ನೀಡುತ್ತಾನೆ. ನಾಯಿಯ ವಿಷಯದಲ್ಲಿ ನೋವು ನಾಯಿಯದು, ಸಹಿ ಮಾಲೀಕರದು. ಆದುದರಿಂದ ಈ ಸಹಿಯು ಮಾಲೀಕತ್ವದ ಹಕ್ಕು ಎನ್ನುವುದಕ್ಕಿಂತ ಹೆಚ್ಚಾಗಿ, ಮಾತು ಬಾರದ ಜೀವಿಯ ಪರವಾಗಿ ನಿರ್ವಹಿಸಬೇಕಾದ ಹೊಣೆಯಾಗಿದೆ. ಈ ಹೊಣೆಯನ್ನು ತಿಳಿವಳಿಕೆಯಿಂದ ನಿರ್ವಹಿಸಲು ನೆರವಾಗುವ ಉದ್ದೇಶದಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಶಸ್ತ್ರಚಿಕಿತ್ಸೆಗಳ ವರ್ಗೀಕರಣ

ಅನುಕೂಲಕ್ಕಾಗಿ ಶಸ್ತ್ರಚಿಕಿತ್ಸೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

(ಅ) ಚಿಕಿತ್ಸಾತ್ಮಕ: ಈಗಾಗಲೇ ಇರುವ ರೋಗ, ಗಾಯ ಅಥವಾ ನ್ಯೂನತೆಯನ್ನು ಸರಿಪಡಿಸಲು ಮಾಡುವಂತಹುದು. ಉದಾಹರಣೆಗೆ, ಗೆಡ್ಡೆ ಬೆಳೆದ ಅಥವಾ ಜಜ್ಜಿಹೋದ ಬಾಲವನ್ನು ತೆಗೆಯುವುದು.

(ಆ) ಐಚ್ಛಿಕ, ಆದರೆ ಆರೋಗ್ಯ ಅಥವಾ ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದುದು: ತುರ್ತು ಇಲ್ಲದಿದ್ದರೂ ಮುಂದೆ ಬರಬಹುದಾದ ತೊಂದರೆಯನ್ನು ತಪ್ಪಿಸುವಂತಹುದು. ಸಂತಾನಹರಣ ಶಸ್ತ್ರಚಿಕಿತ್ಸೆ ಈ ವರ್ಗಕ್ಕೆ ಸೇರುತ್ತದೆ.

(ಇ) ಅಲಂಕಾರಿಕ ಅಥವಾ ಮಾಲೀಕರ ಅನುಕೂಲಕ್ಕಾಗಿ ಮಾಡುವಂತಹುದು: ನೋಟಕ್ಕಾಗಿ ಕಿವಿ ಕತ್ತರಿಸುವುದು, ಬಾಲ ಮೋಟುಗೊಳಿಸುವುದು, ಧ್ವನಿ ತಗ್ಗಿಸಲು ಧ್ವನಿತಂತುಗಳ ಭಾಗವನ್ನು ತೆಗೆಯುವುದು.

ಒಂದು ಶಸ್ತ್ರಚಿಕಿತ್ಸೆಯು ಯಾವ ವರ್ಗಕ್ಕೆ ಸೇರುತ್ತದೆಂಬುದು ಅದರ ಹೆಸರಿನಿಂದ ನಿರ್ಧಾರವಾಗುವುದಿಲ್ಲ. ಅದರ ಕಾರಣದಿಂದ ನಿರ್ಧಾರವಾಗುತ್ತದೆ. ಅದೇ ಬಾಲ, ಅದೇ ಕತ್ತರಿ. ಗೆಡ್ಡೆಯ ಕಾರಣಕ್ಕಾದರೆ ಅದು ಚಿಕಿತ್ಸೆ, ತಳಿಯ ಚಿತ್ರಪಟದಂತೆ ಕಾಣಲಿ ಎಂಬ ಕಾರಣಕ್ಕಾದರೆ ಅಲಂಕಾರ. ಆದುದರಿಂದ ಮಾಲೀಕರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದರಿಂದ ಪ್ರಯೋಜನವಾಗುವುದು ಯಾರಿಗೆ?

3. ಕಿವಿ ಕತ್ತರಿಸುವುದು

ಡಾಬರ್‌ಮನ್, ಗ್ರೇಟ್ ಡೇನ್, ಬಾಕ್ಸರ್ ಮುಂತಾದ ತಳಿಗಳ ಕಿವಿಗಳು ಸ್ವಾಭಾವಿಕವಾಗಿ ಜೋತುಬಿದ್ದಿರುತ್ತವೆ. ಸಾಮಾನ್ಯವಾಗಿ ಮರಿಗೆ 7ರಿಂದ 12 ವಾರಗಳಾಗಿರುವಾಗ, ಅರಿವಳಿಕೆ ನೀಡಿ ಹೊರಕಿವಿಯ ಒಂದು ಭಾಗವನ್ನು ಕತ್ತರಿಸಿ ಅಂಚುಗಳಿಗೆ ಹೊಲಿಗೆ ಹಾಕಲಾಗುತ್ತದೆ. ಕತ್ತರಿಸಿದ ಮಾತ್ರಕ್ಕೆ ಕಿವಿ ನೆಟ್ಟಗಾಗುವುದಿಲ್ಲ. ಅನೇಕ ವಾರಗಳು, ಕೆಲವೊಮ್ಮೆ ತಿಂಗಳುಗಳ ಕಾಲ ಆಧಾರವಿಟ್ಟು ಪಟ್ಟಿ ಕಟ್ಟಿ, ಮತ್ತೆ ಮತ್ತೆ ಬಿಚ್ಚಿ ಬದಲಾಯಿಸಬೇಕಾಗುತ್ತದೆ. ಇಷ್ಟಾಗಿಯೂ ಒಂದು ಕಿವಿ ನಿಂತು ಇನ್ನೊಂದು ಬಾಗುವ, ಗಾಯ ಸೋಂಕಾಗುವ, ಕಲೆ ಕಟ್ಟಿ ಅಂಚು ಸುರುಟುವ ಸಂಭವವಿರುತ್ತದೆ. ಮರಿಯು ಹೊಸ ಮನೆಗೆ, ಹೊಸ ಜನರ ಸ್ಪರ್ಶಕ್ಕೆ ಹೊಂದಿಕೊಳ್ಳುವ ಕಾಲವೂ ಇದೇ ಆಗಿರುತ್ತದೆ ಎಂಬುದನ್ನು ಗಮನಿಸಬೇಕು.

ಕಿವಿ ಕತ್ತರಿಸಿದರೆ ಕಿವಿಯ ಸೋಂಕು ಬರುವುದಿಲ್ಲವೆಂಬ ನಂಬಿಕೆ ಪ್ರಚಲಿತದಲ್ಲಿದೆ. ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಉದ್ದನೆಯ ಕೂದಲುಗಿವಿಯ ಕಾಕರ್ ಸ್ಪ್ಯಾನಿಯಲ್ ಕಿವಿಯ ಸೋಂಕಿಗೆ ಹೆಚ್ಚಾಗಿ ಗುರಿಯಾಗುವ ತಳಿಗಳಲ್ಲಿ ಒಂದು. ಆದರೆ ಆ ತಳಿಯ ಕಿವಿಯನ್ನು ಕತ್ತರಿಸುವ ಪದ್ಧತಿಯೇ ಇಲ್ಲ. ಸೋಂಕಿನ ಭಯವೇ ನಿಜವಾದ ಕಾರಣವಾಗಿದ್ದರೆ ಕತ್ತರಿಯು ಮೊದಲು ಅಲ್ಲಿಗೆ ಹೋಗಬೇಕಾಗಿತ್ತು. ಮಳೆಗಾಲದಲ್ಲಿ ಹಾಗೂ ಸ್ನಾನದ ನಂತರ ಕಿವಿಯನ್ನು ಒಣಗಿಸುವುದು, ವಾಸನೆ ಅಥವಾ ಕೆರೆತ ಕಂಡೊಡನೆ ವೈದ್ಯರಿಗೆ ತೋರಿಸುವುದು ಇವೇ ಪರಿಣಾಮಕಾರಿ ಕ್ರಮಗಳು.

4. ಬಾಲ ಮೋಟುಗೊಳಿಸುವುದು

ಇದನ್ನು ಸಾಮಾನ್ಯವಾಗಿ ಮರಿ ಹುಟ್ಟಿದ ಮೊದಲ ಕೆಲವು ದಿನಗಳಲ್ಲಿಯೇ, ಅನೇಕ ವೇಳೆ ಅರಿವಳಿಕೆಯಿಲ್ಲದೆ, ಕತ್ತರಿಯಿಂದ ಅಥವಾ ಬಿಗಿಯಾದ ರಬ್ಬರ್ ಉಂಗುರದಿಂದ ಮಾಡಲಾಗುತ್ತದೆ. ಅಷ್ಟು ಎಳೆಯ ಮರಿಗೆ ನೋವಾಗುವುದಿಲ್ಲವೆಂಬ ಹಿಂದಿನ ತಿಳಿವಳಿಕೆಯನ್ನು ಈಗ ಒಪ್ಪಲಾಗುವುದಿಲ್ಲ. ಬಾಲದಲ್ಲಿ ಎಲುಬು, ಸ್ನಾಯು, ನರ, ರಕ್ತನಾಳ ಎಲ್ಲವೂ ಇರುತ್ತವೆ. ಕತ್ತರಿಸಿದ ಜಾಗದಲ್ಲಿ ನರಗಂಟು ಬೆಳೆದು ದೀರ್ಘಕಾಲ ನೋವು ಕೊಡುವ ಸಂಭವವೂ ಉಂಟು.

ಮುಂದೆ ಬಾಲಕ್ಕೆ ಪೆಟ್ಟಾಗುವುದನ್ನು ತಪ್ಪಿಸಲು ಹೀಗೆ ಮಾಡಲಾಗುತ್ತದೆಂದು ಹೇಳಲಾಗುತ್ತದೆ. ಬ್ರಿಟನ್ನಿನಲ್ಲಿ ಸುಮಾರು 1,38,000 ನಾಯಿಗಳ ದಾಖಲೆಗಳನ್ನು ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಲದ ಗಾಯಗಳ ಪ್ರಮಾಣ ಶೇ. 0.23ರಷ್ಟು ಮಾತ್ರ ಕಂಡುಬಂದಿತು. ಒಂದು ನಾಯಿಯ ಬಾಲದ ಗಾಯವನ್ನು ತಪ್ಪಿಸಲು ಸುಮಾರು 500 ನಾಯಿಗಳ ಬಾಲವನ್ನು ಕತ್ತರಿಸಬೇಕಾಗುತ್ತದೆಂದು ಅದರಲ್ಲಿ ಅಂದಾಜಿಸಲಾಗಿದೆ. ಪೊದೆಗಳಲ್ಲಿ ನುಗ್ಗಿ ಬೇಟೆಗೆ ನೆರವಾಗುವ ಕೆಲವು ತಳಿಗಳಲ್ಲಿ ಗಾಯದ ಸಂಭವ ಹೆಚ್ಚೆಂಬ ಕಾರಣದಿಂದ ಸ್ಕಾಟ್ಲೆಂಡ್ 2017ರಲ್ಲಿ ಅಂತಹ ದುಡಿಯುವ ನಾಯಿಗಳಿಗೆ ಮಾತ್ರ ವಿನಾಯಿತಿ ನೀಡಿತು. ಬಸವೇಶ್ವರನಗರದ ಮನೆಯ ಅಂಗಳದಲ್ಲಿ ಬೆಳೆಯುವ ನಾಯಿಗೆ ಈ ಕಾರಣವು ಅನ್ವಯಿಸುವುದಿಲ್ಲ.

ಬಾಲವು ನಾಯಿಯ ಭಾಷೆಯೂ ಹೌದು. ಕೆನಡಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉದ್ದಬಾಲದ ಕೃತಕ ನಾಯಿಯು ಬಾಲ ಆಡಿಸುತ್ತಿದೆಯೋ ಇಲ್ಲವೋ ಎಂಬುದನ್ನು ನೋಡಿ ದೊಡ್ಡ ನಾಯಿಗಳು ತಮ್ಮ ವರ್ತನೆಯನ್ನು ಬದಲಿಸಿಕೊಂಡವು. ಮೋಟುಬಾಲದ ಕೃತಕ ನಾಯಿಯ ಎದುರು ಈ ವ್ಯತ್ಯಾಸ ಕಂಡುಬರಲಿಲ್ಲ. ಬೀದಿನಾಯಿಗಳ ನಡುವೆ ದಿನವೂ ಓಡಾಡಬೇಕಾದ ನಗರದ ಸಾಕು ನಾಯಿಗೆ ಇದು ಸಣ್ಣ ವಿಷಯವಲ್ಲ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ನಿಯಮಗಳ ಪ್ರಕಾರ ಎಂಟು ವಾರಕ್ಕಿಂತ ಕಡಿಮೆ ವಯಸ್ಸಿನ ಮರಿಯನ್ನು ಮಾರುವಂತಿಲ್ಲ. ಅಂದರೆ ಕಿವಿಯ ತೀರ್ಮಾನ ಮಾಲೀಕರ ಮನೆಯಲ್ಲಿ ಆಗಬಹುದು. ಆದರೆ ಬಾಲದ ತೀರ್ಮಾನ ಮರಿಯನ್ನು ಮಾಲೀಕರು ನೋಡುವ ಮೊದಲೇ, ಮಾರಾಟಗಾರರ ಬಳಿ ಆಗಿಹೋಗಿರುತ್ತದೆ. ಆದುದರಿಂದ ಮರಿಯನ್ನು ಕಾಯ್ದಿರಿಸುವಾಗಲೇ ಬಾಲವನ್ನು ಕತ್ತರಿಸಬಾರದೆಂದು ಸ್ಪಷ್ಟವಾಗಿ, ಸಾಧ್ಯವಾದರೆ ಲಿಖಿತವಾಗಿ, ತಿಳಿಸುವುದು ಸೂಕ್ತ. ಕೊಳ್ಳುವವರು ಕೇಳದ ಹೊರತು ಈ ಪದ್ಧತಿ ನಿಲ್ಲುವುದು ಕಷ್ಟ.

5. ಧ್ವನಿ ತಗ್ಗಿಸುವ ಶಸ್ತ್ರಚಿಕಿತ್ಸೆ

ಒತ್ತೊತ್ತಾಗಿ ಮನೆಗಳಿರುವ ಬಡಾವಣೆಗಳಲ್ಲಿ ಹಾಗೂ ವಸತಿ ಸಮುಚ್ಚಯಗಳಲ್ಲಿ ನಾಯಿಯ ಬೊಗಳುವಿಕೆ ನೆರೆಹೊರೆಯ ಮನಸ್ತಾಪಕ್ಕೆ ಕಾರಣವಾಗುವುದುಂಟು. ವೃದ್ಧರು, ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು ಇರುವ ಮನೆಯವರ ತೊಂದರೆ ನಿಜವಾದುದೇ. ಆದರೆ ಧ್ವನಿತಂತುಗಳನ್ನು ಕತ್ತರಿಸುವುದರಿಂದ ಬೊಗಳಲು ಇರುವ ಕಾರಣ ಹೋಗುವುದಿಲ್ಲ. ಒಂಟಿತನ, ಭಯ, ವ್ಯಾಯಾಮದ ಕೊರತೆ ಹಾಗೆಯೇ ಉಳಿಯುತ್ತವೆ. ಶಸ್ತ್ರಚಿಕಿತ್ಸೆಯ ಜಾಗದಲ್ಲಿ ಕಲೆ ಬೆಳೆದು ಉಸಿರಾಟದ ದಾರಿ ಕಿರಿದಾಗುವ ಅಪಾಯವೂ, ಕಾಲಾನಂತರದಲ್ಲಿ ಧ್ವನಿ ಭಾಗಶಃ ಮರಳುವ ಸಾಧ್ಯತೆಯೂ ಇವೆ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಬೊಗಳುವುದು ನಾಯಿಯ ಸ್ವಾಭಾವಿಕ ಅಭಿವ್ಯಕ್ತಿಯೆಂದು ಗುರುತಿಸಿದೆ. ಜೊತೆಗೆ, ವಿಶೇಷವಾಗಿ ರಾತ್ರಿ ವೇಳೆ, ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವಂತೆ ಮಾಲೀಕರಿಗೂ ತಿಳಿಸಿದೆ. ಬೆಳಿಗ್ಗೆ ಮತ್ತು ಸಂಜೆ ಸಾಕಷ್ಟು ನಡೆದಾಡಿಸುವುದು, ದಿನವಿಡೀ ಮಹಡಿಯ ಮೇಲೆ ಅಥವಾ ಗೇಟಿನ ಬಳಿ ಒಂಟಿಯಾಗಿ ಕಟ್ಟಿಹಾಕದಿರುವುದು, ರಸ್ತೆ ಕಾಣದಂತೆ ಮರೆ ಮಾಡುವುದು, ದೀಪಾವಳಿಯ ದಿನಗಳಲ್ಲಿ ಒಳಕೋಣೆಯಲ್ಲಿರಿಸಿ ಅಗತ್ಯವಿದ್ದಲ್ಲಿ ವೈದ್ಯರ ಸಲಹೆ ಪಡೆಯುವುದು ಇವು ಮೊದಲು ಅನುಸರಿಸಬೇಕಾದ ಕ್ರಮಗಳು.

6. ಸಂತಾನಹರಣ ಶಸ್ತ್ರಚಿಕಿತ್ಸೆ

ಇದೂ ಆರೋಗ್ಯವಂತ ಪ್ರಾಣಿಯ ಮೇಲೆ ನಡೆಸುವ ಐಚ್ಛಿಕ ಶಸ್ತ್ರಚಿಕಿತ್ಸೆಯೇ. ಕಿವಿ ಕತ್ತರಿಸುವುದು ಸರಿಯಲ್ಲವೆಂದಾದರೆ ಇದು ಹೇಗೆ ಸರಿ ಎಂಬ ಪ್ರಶ್ನೆ ನ್ಯಾಯವಾದುದು. ವ್ಯತ್ಯಾಸವು ಪ್ರಯೋಜನದಲ್ಲಿದೆ. ಹೆಣ್ಣು ನಾಯಿಯಲ್ಲಿ ಪ್ರಾಣಾಂತಿಕವಾಗಬಲ್ಲ ಗರ್ಭಕೋಶದ ಕೀವಿನ ರೋಗವನ್ನು, ಗಂಡು ನಾಯಿಯಲ್ಲಿ ವೃಷಣದ ಗೆಡ್ಡೆಯನ್ನು ಇದು ತಪ್ಪಿಸುತ್ತದೆ. ಬೇಡವಾದ ಮರಿಗಳು ಬೀದಿಪಾಲಾಗುವುದು ನಿಲ್ಲುತ್ತದೆ. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಸಾಕು ನಾಯಿಯ ಲಸಿಕೆ ಹಾಗೂ ಸಂತಾನಹರಣದ ಹೊಣೆ ಮಾಲೀಕರದು.

ಆದರೂ ಇದನ್ನು ಯಾಂತ್ರಿಕವಾಗಿ ಮಾಡಿಸಬಾರದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2020ರಲ್ಲಿ 35 ತಳಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲವು ದೊಡ್ಡ ತಳಿಗಳಲ್ಲಿ ಬಹಳ ಬೇಗನೆ ಈ ಚಿಕಿತ್ಸೆ ಮಾಡಿಸಿದಾಗ ಕೀಲುಗಳ ತೊಂದರೆ ಹೆಚ್ಚಾಗಿ ಕಂಡುಬಂದಿದೆ; ಚಿಕ್ಕ ತಳಿಗಳಲ್ಲಿ ಹಾಗೆ ಕಂಡುಬಂದಿಲ್ಲ. ತಳಿ, ಲಿಂಗ, ತೂಕ ಇವುಗಳನ್ನು ಅನುಸರಿಸಿ ಸೂಕ್ತ ವಯಸ್ಸನ್ನು ವೈದ್ಯರೊಡನೆ ಚರ್ಚಿಸಿ ನಿರ್ಧರಿಸತಕ್ಕದ್ದು.

ನಮ್ಮ ಬೀದಿಗಳಲ್ಲಿ ಕಿವಿಯ ತುದಿಯಲ್ಲಿ ಗುರುತು ಕತ್ತರಿಸಿರುವ ನಾಯಿಗಳನ್ನು ಸಾರ್ವಜನಿಕರು ನೋಡಿರಬಹುದು. ಸಂತಾನಹರಣ ಚಿಕಿತ್ಸೆಯಾಗಿರುವುದರ ಗುರುತಾಗಿ, ಅದೇ ಅರಿವಳಿಕೆಯಲ್ಲಿ ಇದನ್ನು ಮಾಡಲಾಗಿರುತ್ತದೆ. ಆ ನಾಯಿಯನ್ನು ಮತ್ತೊಮ್ಮೆ ಹಿಡಿದು ಹೊಟ್ಟೆ ಕೊಯ್ಯುವುದನ್ನು ಈ ಗುರುತು ತಪ್ಪಿಸುತ್ತದೆ. ಕಿವಿಯ ಮೇಲಿನ ಎರಡು ಬಗೆಯ ಕತ್ತರಿಗಳ ನಡುವಿನ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

7. ನೋಟಕ್ಕೆ ಸಂಬಂಧಿಸಿದಂತೆ ಕಂಡರೂ ಅಗತ್ಯವಾದ ಚಿಕಿತ್ಸೆಗಳು

2003ರ ಹಚ್ ದೂರವಾಣಿ ಜಾಹೀರಾತಿನ ನಂತರ ಪಗ್ ತಳಿಯು ನಮ್ಮ ನಗರಗಳಲ್ಲಿ ಜನಪ್ರಿಯವಾಯಿತು. ಚಪ್ಪಟೆ ಮುಖದ ಈ ನಾಯಿಗಳಲ್ಲಿ ಕೆಲವಕ್ಕೆ ಮೂಗಿನ ಹೊಳ್ಳೆಗಳು ಕಿರಿದಾಗಿ, ಅಂಗುಳಿನ ಮೃದುಭಾಗ ಉದ್ದವಾಗಿ ಉಸಿರಾಟವೇ ಕಷ್ಟವಾಗುತ್ತದೆ. ಹೊಳ್ಳೆಯನ್ನು ಅಗಲಿಸುವ ಶಸ್ತ್ರಚಿಕಿತ್ಸೆಯಿಂದ ಮುಖದ ನೋಟ ಬದಲಾದರೂ ಅದು ಅಲಂಕಾರವಲ್ಲ. ರೆಪ್ಪೆ ಒಳಮಡಿಚಿ ಕೂದಲು ಕಣ್ಣಿಗೆ ತಾಗುವಾಗ ಅದನ್ನು ಸರಿಪಡಿಸುವುದೂ ಇದೇ ರೀತಿಯದು. ಇಂತಹ ಚಿಕಿತ್ಸೆಗಳನ್ನು ಖರ್ಚಿನ ಅಥವಾ ನೋಟದ ಕಾರಣದಿಂದ ಮುಂದೂಡಬಾರದು. ಇದೇ ವೇಳೆ, ನ್ಯೂನತೆಯು ಮರಿಗಳಿಗೂ ಬರುವ ಸಂಭವವಿರುವುದರಿಂದ ಅಂತಹ ನಾಯಿಯಿಂದ ಸಂತಾನ ಪಡೆಯದಿರುವುದು ಒಳ್ಳೆಯದು.

8. ನಮ್ಮ ನಾಡಿನ ನಾಯಿಗಳು

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಜೋತುಗಿವಿ ಹಾಗೂ ನೀಳವಾದ ಬಾಲದೊಂದಿಗೇ ಬೇಟೆಗೂ ಕಾವಲಿಗೂ ಹೆಸರಾಗಿದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಹೊರತಂದ ದೇಶೀ ತಳಿಗಳ ಅಂಚೆಚೀಟಿಗಳಲ್ಲಿ ಇದೂ ಒಂದು. ಸೇನೆಯೂ ಈ ತಳಿಗೆ ತರಬೇತಿ ನೀಡಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವು ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಈ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಅದು ನೆನಪಿಗೆ ತರುವುದು ನಾಯಿಯ ರೂಪವನ್ನಲ್ಲ, ಅದರ ಸ್ವಭಾವವನ್ನು.

9. ಕಾನೂನಿನ ನಿಲುವು

(1) ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಕಲಂ 3ರ ಪ್ರಕಾರ, ಪ್ರಾಣಿಯ ಯೋಗಕ್ಷೇಮವನ್ನು ಕಾಯುವುದು ಹಾಗೂ ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವುದು ಅದರ ಪೋಷಕರ ಕರ್ತವ್ಯ.

(2) ಕಲಂ 11(1)ರಲ್ಲಿ ಅನಗತ್ಯ ನೋವು ಉಂಟುಮಾಡುವುದನ್ನೂ ಅಂಗಚ್ಛೇದವನ್ನೂ ಕ್ರೌರ್ಯಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ಕಲಂ 11(3)ರಲ್ಲಿ ಕೆಲವು ವಿನಾಯಿತಿಗಳಿವೆ. ದನಗಳ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು ಇವು ನಿಗದಿತ ರೀತಿಯಲ್ಲಿ ನಡೆದಾಗ ವಿನಾಯಿತಿಗೆ ಒಳಪಡುತ್ತವೆ. ನಾಯಿಯ ಕಿವಿ ಅಥವಾ ಬಾಲ ಕತ್ತರಿಸುವುದು ಈ ಪಟ್ಟಿಯಲ್ಲಿಲ್ಲ. ಇದೇ ವೇಳೆ, ಅವುಗಳನ್ನು ಹೆಸರಿಸಿ ನಿಷೇಧಿಸುವ ಪದಗಳೂ ಕಲಂ 11ರಲ್ಲಿಲ್ಲ.

(3) ಭಾರತೀಯ ಪಶುವೈದ್ಯಕೀಯ ಪರಿಷತ್ತು 2011ರಲ್ಲಿ ಈ ಎರಡು ಶಸ್ತ್ರಚಿಕಿತ್ಸೆಗಳ ವಿರುದ್ಧ ಸೂಚನೆ ಹೊರಡಿಸಿತು. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಪ್ರಶ್ನಿಸಿದಾಗ ಮದ್ರಾಸ್ ಉಚ್ಚ ನ್ಯಾಯಾಲಯವು 2013ರಲ್ಲಿ ಆ ಸೂಚನೆಯನ್ನು ರದ್ದುಪಡಿಸಿತು. ಆ ಸೂಚನೆ ರದ್ದಾದ ಮಾತ್ರಕ್ಕೆ 1960ರ ಅಧಿನಿಯಮದ ಕರ್ತವ್ಯಗಳು ರದ್ದಾಗಿಲ್ಲ.

(4) ಸರ್ವೋಚ್ಚ ನ್ಯಾಯಾಲಯವು ಎ. ನಾಗರಾಜ ಪ್ರಕರಣದ 2014ರ ತೀರ್ಪಿನಲ್ಲಿ, ಕಲಂ 11(3)ರ ವಿನಾಯಿತಿಗಳಿಗೆ ಅಗತ್ಯತೆಯೇ ಆಧಾರವೆಂದು ವಿವರಿಸಿದೆ. ಸಂವಿಧಾನದ 51ಎ(ಜಿ) ಅನುಚ್ಛೇದವು ಜೀವಿಗಳ ಬಗ್ಗೆ ಅನುಕಂಪವನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರಿದೆ.

(5) ಕಲಂ 11ರ ಮೊದಲ ಅಪರಾಧಕ್ಕೆ ಅಧಿನಿಯಮದಲ್ಲಿ ವಿಧಿಸಿರುವ ದಂಡ ರೂ. 10ರಿಂದ ರೂ. 50 ಮಾತ್ರ. ದಂಡ ಅಲ್ಪವಾಗಿರುವುದರಿಂದ ಕೃತ್ಯವೂ ಅಲ್ಪವೆಂದು ಭಾವಿಸಬಾರದು. ಕಾನೂನು ಕೈಚಾಚಲಾರದ ಕಡೆ ಮಾಲೀಕರ ವಿವೇಚನೆಯೇ ನಾಯಿಗೆ ಇರುವ ರಕ್ಷಣೆ.

(6) ಭಾರತೀಯ ಪಶುವೈದ್ಯಕೀಯ ಪರಿಷತ್ ಅಧಿನಿಯಮ, 1984ರ ಮೇರೆಗೆ ಪಶುವೈದ್ಯ ವೃತ್ತಿಯನ್ನು ನೋಂದಾಯಿತ ಪಶುವೈದ್ಯರು ಮಾತ್ರ ನಡೆಸತಕ್ಕದ್ದು. ಮಾರಾಟಗಾರರು ಅಥವಾ ನಾಯಿ ತರಬೇತುದಾರರು ಮನೆಯಲ್ಲಿ ಕಿವಿ, ಬಾಲ ಕತ್ತರಿಸಲು ಅವಕಾಶ ನೀಡಬಾರದು.

ಇತರ ದೇಶಗಳ ಪೈಕಿ, ಡಾಬರ್‌ಮನ್ ತಳಿಯ ತವರಾದ ಜರ್ಮನಿಯು 1987ರಿಂದ ಕಿವಿ ಕತ್ತರಿಸುವುದನ್ನೂ 1998ರಿಂದ ಬಾಲ ಮೋಟುಗೊಳಿಸುವುದನ್ನೂ ನಿಷೇಧಿಸಿದೆ. ಬಾಲದ ವಿಷಯದಲ್ಲಿ ಕೆಲವು ಬೇಟೆ ನಾಯಿಗಳಿಗೆ ಮಾತ್ರ ವಿನಾಯಿತಿ ಇದೆ. ಯುರೋಪಿನ ದೇಶಗಳು 1987ರಲ್ಲಿ ರೂಪಿಸಿದ ಸಾಕುಪ್ರಾಣಿ ಸಂರಕ್ಷಣಾ ಒಡಂಬಡಿಕೆಯು ಧ್ವನಿ ತೆಗೆಯುವುದನ್ನೂ ನಿಷೇಧಿತ ಚಿಕಿತ್ಸೆಗಳಲ್ಲಿ ಸೇರಿಸಿದೆ.

10. ಸಹಿ ಮಾಡುವ ಮುನ್ನ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1) ಈ ಚಿಕಿತ್ಸೆಯಿಂದ ನನ್ನ ನಾಯಿಗೆ ಆಗುವ ಪ್ರಯೋಜನವೇನು?
2) ಮಾಡಿಸದಿದ್ದರೆ ಅದಕ್ಕೆ ಆಗುವ ಹಾನಿಯೇನು?
3) ಶಸ್ತ್ರಚಿಕಿತ್ಸೆಯಿಲ್ಲದೆ ಇದೇ ಉದ್ದೇಶವನ್ನು ಸಾಧಿಸಬಹುದೆ?
4) ಯಾವ ಅರಿವಳಿಕೆ ನೀಡಲಾಗುವುದು? ನಂತರ ಎಷ್ಟು ದಿನ ನೋವು ನಿವಾರಕ ನೀಡಲಾಗುವುದು?
5) ತೊಡಕು ಉಂಟಾದಲ್ಲಿ ಮುಂದಿನ ಕ್ರಮವೇನು?
6) ಇದನ್ನು ಮುಂದೂಡಿ, ನಾಯಿ ಬೆಳೆದ ನಂತರ ತೀರ್ಮಾನಿಸಬಹುದೆ?

ಮೊದಲ ಎರಡು ಪ್ರಶ್ನೆಗಳಿಗೆ ನಾಯಿಯನ್ನು ಕುರಿತ ಉತ್ತರ ದೊರೆಯದಿದ್ದಲ್ಲಿ, ಉಳಿದ ಪ್ರಶ್ನೆಗಳನ್ನು ಕೇಳುವ ಅಗತ್ಯವಿರುವುದಿಲ್ಲ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಿವಿ ಕತ್ತರಿಸದ ಡಾಬರ್‌ಮನ್ ಕಾವಲಿಗೆ ಪ್ರಯೋಜನವಿಲ್ಲವೆ?
ಉತ್ತರ: ಕಾವಲಿನ ಗುಣ ಬರುವುದು ಸ್ವಭಾವ ಮತ್ತು ತರಬೇತಿಯಿಂದ. ಕಿವಿಯ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ನಾನು ಕೊಂಡ ಮರಿಯ ಬಾಲ ಮೊದಲೇ ಕತ್ತರಿಸಲ್ಪಟ್ಟಿತ್ತು. ಈಗ ಏನು ಮಾಡಬೇಕು?
ಉತ್ತರ: ಗಾಯ ಮಾಗಿದೆಯೆ ಎಂಬುದನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು. ಬಾಲ ಹೇಗೂ ಹೋಗಿದೆ, ಕಿವಿಯೂ ಹಾಗೆಯೇ ಆಗಲಿ ಎಂಬ ತೀರ್ಮಾನಕ್ಕೆ ಬರಬಾರದು.

ಪ್ರಶ್ನೆ: ಶ್ವಾನ ಪ್ರದರ್ಶನಕ್ಕೆ ಕರೆದೊಯ್ಯಲು ಕಿವಿ ಕತ್ತರಿಸುವುದು ಕಡ್ಡಾಯವೆ?
ಉತ್ತರ: ಆಯಾ ಪ್ರದರ್ಶನದ ನಿಯಮಗಳನ್ನು ಸಂಘಟಕರಿಂದಲೇ ಲಿಖಿತವಾಗಿ ಪಡೆಯಬೇಕು. ಮಾರಾಟಗಾರರ ಮಾತನ್ನು ಮಾತ್ರ ಆಧರಿಸಬಾರದು.

ಪ್ರಶ್ನೆ: ನಮ್ಮ ವೈದ್ಯರು ಕಿವಿ ಕತ್ತರಿಸಲು ನಿರಾಕರಿಸಿದ್ದಾರೆ. ಇದು ಸರಿಯೆ?
ಉತ್ತರ: ವೈದ್ಯಕೀಯ ಅಗತ್ಯವಿಲ್ಲದ ಚಿಕಿತ್ಸೆಯನ್ನು ನಿರಾಕರಿಸುವುದು ಸೇವಾಲೋಪವಲ್ಲ. ಅವರನ್ನು ಒತ್ತಾಯಿಸಬಾರದು, ನೋಂದಣಿಯಿಲ್ಲದವರ ಬಳಿಗೂ ಹೋಗಬಾರದು.

12. ಸಲಹೆ ಮತ್ತು ದೂರು

ಸಲಹೆಗಾಗಿ ಸಮೀಪದ ಸರ್ಕಾರಿ ಪಶುವೈದ್ಯಕೀಯ ಸಂಸ್ಥೆಯನ್ನು ಸಂಪರ್ಕಿಸಬಹುದು. ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಹಾಗೂ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶುವೈದ್ಯಕೀಯ ಆಸ್ಪತ್ರೆಯಲ್ಲಿಯೂ ವಿಚಾರಿಸಬಹುದು. ಹೋಗುವಾಗ ಲಸಿಕೆ ಪುಸ್ತಕ ಹಾಗೂ ಹಿಂದಿನ ಚಿಕಿತ್ಸೆಯ ಚೀಟಿಗಳನ್ನು ಜೊತೆಗೆ ಒಯ್ಯತಕ್ಕದ್ದು. ಸಾಕು ನಾಯಿಯ ಪರವಾನಗಿಯ ವಿಷಯದಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ತಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರಿದೆಯೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಪ್ರಾಣಿಯ ಮೇಲೆ ಕ್ರೌರ್ಯ ನಡೆದಿರುವುದು ಕಂಡುಬಂದಲ್ಲಿ ಸಂಬಂಧಪಟ್ಟ ಪೊಲೀಸ್ ಠಾಣೆಗೆ ಲಿಖಿತ ದೂರು ನೀಡಬಹುದು. 1960ರ ಅಧಿನಿಯಮದ ಕಲಂ 36ರ ಪ್ರಕಾರ ಮೊಕದ್ದಮೆಯನ್ನು ಕೃತ್ಯ ನಡೆದ ಮೂರು ತಿಂಗಳೊಳಗೆ ಹೂಡಬೇಕಾಗಿರುವುದರಿಂದ ವಿಳಂಬಿಸಬಾರದು. ದಿನಾಂಕ, ಸ್ಥಳ, ಛಾಯಾಚಿತ್ರ ಹಾಗೂ ಪಶುವೈದ್ಯರ ವರದಿಯನ್ನು ಲಗತ್ತಿಸುವುದು ಉಪಯುಕ್ತ. ನೋಂದಾಯಿತ ಪಶುವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ ದೂರನ್ನು ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಸಲ್ಲಿಸಬಹುದು.

ಕತ್ತರಿಸಿದ ಕಿವಿಯಾಗಲಿ ಬಾಲವಾಗಲಿ ಮತ್ತೆ ಬೆಳೆಯುವುದಿಲ್ಲ. ಸಂದೇಹವಿದ್ದಲ್ಲಿ ಸಹಿಯನ್ನು ಮುಂದೂಡುವುದರಿಂದ ನಾಯಿಗೆ ಯಾವ ನಷ್ಟವೂ ಆಗದು. ಮಾಲೀಕರು ಈ ಅಂಶಗಳನ್ನು ಗಮನದಲ್ಲಿಟ್ಟು ತೀರ್ಮಾನ ಕೈಗೊಳ್ಳಬೇಕೆಂದು ಕೋರಲಾಗಿದೆ.